ಕಾಸಿನ ರೂಟ್ ಕಾಸ್

ಹಳೇ ನಾಣ್ಯಗಳ ಹುಚ್ಚಿದೆ ಅಂತ ಯಾರಿಗಾದ್ರೂ ಹೇಳಿ ನೋಡಿ, ಅವರು ಕೇಳೋ ಮೊದಲ ಪ್ರಶ್ನೆ ‘ಎಷ್ಟು ಬರುತ್ತೆ?’ ಎರಡನೇದು, ‘ನಮ್ಮನೇಲೂ ಒಂದು ಡಬ್ಬಿ ಇದೆ, ನೋಡಿ ಹೇಳ್ತೀರಾ?’ ಆ ಡಬ್ಬಿ ನನ್ನ ಟೇಬಲ್ಲಿಗೆ ಬಂದಾಗ ಅದರೊಳಗೆ ಒಂದು ನಾಣ್ಯ ಮಾತ್ರ ಬೇರೆಯಾಗಿ, ಹತ್ತಿಯಲ್ಲೋ ಪೇಪರಿನಲ್ಲೋ ಸುತ್ತಿಕೊಂಡು ವಿಐಪಿ ಥರ ಕೂತಿರುತ್ತದೆ. ಅದರಲ್ಲೊಂದು ಐಬು ಇರುತ್ತದೆ. ಅಕ್ಷರ ಎರಡೆರಡು ಸಲ ಕಂಡಂತಿರುತ್ತದೆ, ಇಲ್ಲಾ ಅಂಚು ಒಂದು ಕಡೆ ದಪ್ಪಗಿರುತ್ತದೆ, ಇಲ್ಲಾ ರಾಜನ ಮೂಗಿನ ಮೇಲೊಂದು ಗುಳ್ಳೆ. ‘ಇದು ಮಿಂಟ್ ಎರರ್ ಅಲ್ವಾ? ಲಕ್ಷಾಂತರ ಬೆಲೆಯಂತೆ!’

ಐಬು ಹುಡುಕೋದಕ್ಕೆ ನನಗೆ ಸಂಬಳವೇ ಕೊಡ್ತಾರೆ. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದಾಗಿನಿಂದ ಸಾಫ್ಟ್‌ವೇರಿನಲ್ಲಿ ಬಗ್ ಹಾಕೋದು, ಬಗ್ ತೆಗೆಯೋದು, ಇದೇ ಕಸುಬು. ದೊಡ್ಡ ತೊಂದರೆ ಆದಾಗ ನಮ್ಮಲ್ಲಿ ‘ರೂಟ್ ಕಾಸ್ ಅನಾಲಿಸಿಸ್’ ಅನ್ನೋ ಒಂದು ಮೀಟಿಂಗ್ ಮಾಡ್ತಾರೆ. ಅಲ್ಲಿ ಒಳ್ಳೇ ಮ್ಯಾನೇಜರ್ ಆದವನು ‘ಯಾರು ಮಾಡಿದ್ದು?’ ಅಂತ ಕೇಳೋದಿಲ್ಲ, ‘ಯಾವಾಗ ಒಳಗೆ ಬಂತು?’ ಅಂತ ಕೇಳ್ತಾನೆ. ಡಿಸೈನ್ ಮಾಡುವಾಗಲೇ ಇತ್ತಾ, ಬಿಲ್ಡ್ ಆಗುವಾಗ ಬಂತಾ, ಅಥವಾ ಗಿರಾಕಿಯ ಕೈಗೆ ಹೋದ ಮೇಲೆ ಆದದ್ದಾ? ನಾಣ್ಯದ ಐಬಿಗೂ ಕೇಳಬೇಕಾದ್ದು ಇದೊಂದೇ ಪ್ರಶ್ನೆ. ಯಾವಾಗ ಆದದ್ದು? ಉತ್ತರ ಸಿಕ್ಕರೆ ‘ಎಷ್ಟು ಬರುತ್ತೆ’ ಅನ್ನೋದಕ್ಕೂ ಉತ್ತರ ಹೆಚ್ಚುಕಡಿಮೆ ಸಿಕ್ಕ ಹಾಗೇ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಟಂಕಸಾಲೆಗೆ ಹೋಗಬೇಕಾಗಿಲ್ಲ, ಸಂಕ್ರಾಂತಿಯ ಸಕ್ಕರೆ ಅಚ್ಚು ಸಾಕು. ನಮ್ಮ ಅರಸೀಕೆರೆ ಸೀಮೆಯಲ್ಲಿ ಹಬ್ಬಕ್ಕೆ ವಾರ ಇರುವಾಗಲೇ ಮರದ ಅಚ್ಚುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಗಿಳಿ, ಬಾಳೆಗೊನೆ, ತುಳಸಿಕಟ್ಟೆ. ಗಿಳಿಯ ಅಚ್ಚಿನಲ್ಲಿ ಕೊಕ್ಕಿನ ಜಾಗ ಚೂರು ಕಿತ್ತುಹೋಗಿದ್ದರೆ ಆ ವರ್ಷ ಊರಿಗೆ ಹಂಚುವ ಅಷ್ಟೂ ಗಿಳಿಗಳ ಕೊಕ್ಕು ಸೊಟ್ಟಗೇ ಇರುತ್ತದೆ. ಅಚ್ಚು ಸರಿಯಿದ್ದು, ಪಾಕ ಹುಯ್ಯುವಾಗ ಕೈ ನಡುಗಿತು ಅನ್ನಿ, ಆ ಒಂದು ಗಿಳಿಗೆ ಮಾತ್ರ ಬಾಲ ಇರೋದಿಲ್ಲ. ಎರಡೂ ಸರಿಯಿದ್ದು, ಎಳ್ಳು ಬೀರೋಕೆ ಹೊರಟ ಹುಡುಗಿ ತಟ್ಟೆ ಬೀಳಿಸಿಕೊಂಡು ಗಿಳಿಯ ತಲೆ ಮುರಿದರೆ ಅದಕ್ಕೆ ಅಚ್ಚೂ ಹೊಣೆಯಲ್ಲ, ಪಾಕ ಹುಯ್ದ ಅಜ್ಜಿಯೂ ಹೊಣೆಯಲ್ಲ. ಅಚ್ಚಿನ ಐಬು, ಹೊಡೆತದ ಐಬು, ಬದುಕಿನ ಐಬು. ನಾಣ್ಯಶಾಸ್ತ್ರದ ದಪ್ಪ ದಪ್ಪ ಪುಸ್ತಕಗಳಲ್ಲಿ ಇರೋದೂ ಈ ಮೂರರ ವಿಸ್ತಾರವೇ.

ಟಂಕಸಾಲೆಯಲ್ಲಿ ಪಾಕದ ಬದಲು ಲೋಹದ ಬಿಲ್ಲೆ. ಕೆಳಗೊಂದು ಉಕ್ಕಿನ ಅಚ್ಚು, ಮೇಲೊಂದು ಅಚ್ಚು, ಸುತ್ತಲೂ ಬಿಲ್ಲೆ ಹರಡಿಹೋಗದಂತೆ ಹಿಡಿಯೋಕೆ ಕಾಲರ್ ಅನ್ನೋ ಉಂಗುರ. ಒಂದು ಏಟು ಬಿದ್ದರೆ ಎರಡು ಮುಖವೂ ಅಂಚೂ ಒಟ್ಟಿಗೇ ತಯಾರು. ಆ ಕೆಲಸದ ಅಚ್ಚುಗಳು ಸವೆಯುತ್ತವೆ, ಬಿರುಕು ಬಿಡುತ್ತವೆ, ಆಗ ಹೊಸ ಅಚ್ಚು ಹಾಕ್ತಾರೆ. ಹೊಸ ಅಚ್ಚು ಹಳೆಯದರ ತದ್ರೂಪು ಆಗಿರಬೇಕು ಅನ್ನೋದು ಉದ್ದೇಶ. ಆದರೆ ಆಗೋದಿಲ್ಲ. ಅಲ್ಲೇ ನಮ್ಮಂಥವರಿಗೆ ಕೆಲಸ.

ಮೊದಲು ಅಚ್ಚಿನ ವಿಷಯ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಎಲ್ಲ ಸೀಮೆಗಳಿಗೂ ಒಂದೇ ನಮೂನೆಯ ರೂಪಾಯಿ ತಂದಿತು, ನಾಲ್ಕನೇ ವಿಲಿಯಂನ ತಲೆ ಇರೋದು. ಆ ರಾಜನ ಕುತ್ತಿಗೆ ಎಲ್ಲಿ ಮುಗಿಯುತ್ತೋ ಅಲ್ಲಿ ಭೂತಗನ್ನಡಿ ಇಟ್ಟು ನೋಡಿದರೆ ಕೆಲವದರಲ್ಲಿ ‘ಎಫ್’ ಅನ್ನೋ ಇಂಗ್ಲಿಷ್ ಅಕ್ಷರ ಸಿಗುತ್ತದೆ. ಕೆಲವದರಲ್ಲಿ ‘ಆರ್.ಎಸ್.’. ಕೆಲವದರಲ್ಲಿ ಏನೂ ಇಲ್ಲ. ಎಫ್ ಅಂದರೆ ಫೋರ್ಬ್ಸ್, ಆರ್.ಎಸ್. ಅಂದರೆ ರಾಬರ್ಟ್ ಸಾಂಡರ್ಸ್, ಇಬ್ಬರೂ ಕಲ್ಕತ್ತಾ ಟಂಕಸಾಲೆಯ ಮುಖ್ಯಸ್ಥರಾಗಿದ್ದವರು. ಎಫ್ ಅಕ್ಷರ ಉಬ್ಬಿದೆಯಾ ತಗ್ಗಿದೆಯಾ ಅಂತಲೂ ನೋಡ್ತಾರೆ. ಎಲ್ಲವೂ ಅದೇ ರೂಪಾಯಿ, ಅದೇ ತೂಕ, ಅದೇ ಬೆಳ್ಳಿ. ಅಚ್ಚು ಮಾತ್ರ ಬೇರೆ. ಇದಕ್ಕೆ ಡೈ ವೆರೈಟಿ ಅಂತಾರೆ, ನಾನು ಅಚ್ಚುಭೇದ ಅಂತೀನಿ. ಇದು ತಪ್ಪಲ್ಲ, ಭೇದ ಅಷ್ಟೇ.

ಇನ್ನೂ ಮಜಾ ಇರೋದು 1862ರ ರಾಣಿ ರೂಪಾಯಿಯಲ್ಲಿ. ನಿಮ್ಮ ಮನೆಯ ಲಕ್ಷ್ಮೀಪೂಜೆ ಡಬ್ಬಿಯಲ್ಲಿ ವಿಕ್ಟೋರಿಯಾ ರೂಪಾಯಿ ಇದ್ದರೆ ಅದು 1862ರದ್ದೇ ಆಗಿರುವ ಸಂಭವ ಜಾಸ್ತಿ. ಯಾಕಂದ್ರೆ 1862 ಅಂತ ಇಸವಿ ಹಾಕಿದ ರೂಪಾಯಿಗಳನ್ನು 1874ರ ತನಕ ಹೊಡೆದರು! ಹನ್ನೊಂದು ಹನ್ನೆರಡು ವರ್ಷ ಕ್ಯಾಲೆಂಡರ್ ತಿರುಗಿಸಲೇ ಇಲ್ಲ. ಅದರ ಹಿಂದೆ ನಮ್ಮ ಸರಾಫರ ಕೈವಾಡ ಇತ್ತು. ಹೊಸ ಇಸವಿಯ ನಾಣ್ಯ ಬಂದ ಕೂಡಲೇ ಹಿಂದಿನ ವರ್ಷದ್ದನ್ನು ‘ಹಳೇದು, ಸವೆದಿದೆ’ ಅಂತ ವಟ್ಟ ಮುರಿದುಕೊಂಡು ತಗೊಳ್ಳೋದು ಅವರ ರೂಢಿ. ಎಲ್ಲದರ ಮೇಲೂ ಒಂದೇ ಇಸವಿ ಇದ್ದರೆ ವಟ್ಟ ಹೇಗೆ ಮುರಿಯುತ್ತೀರಿ ನೋಡೋಣ ಅಂತ ಸರ್ಕಾರ ಇಸವಿಯನ್ನೇ ಹೆಪ್ಪುಗಟ್ಟಿಸಿಬಿಟ್ಟಿತು. ಇದಕ್ಕೂ ಹಿಂದಿನ 1840ರ ರೂಪಾಯಿಗೂ ಇದೇ ಕಥೆ.

ಆದರೆ ಟಂಕಸಾಲೆಯವರಿಗೆ ತಮ್ಮ ಲೆಕ್ಕ ಬೇಕಲ್ಲ? ಹಾಗಾಗಿ ಸಣ್ಣ ಸಣ್ಣ ಚುಕ್ಕೆ ಇಟ್ಟರು. ಇಸವಿಯ ಕೆಳಗೆ ಕೆಲವು, ಮೇಲಿನ ಹೂವಿನ ಹತ್ತಿರ ಕೆಲವು. ನೋಡೋರಿಗೆ ಅಲಂಕಾರ, ಬಲ್ಲವರಿಗೆ ವರ್ಷದ ಗುರುತು. ಹೊರಗಡೆ ವರ್ಷನ್ ನಂಬರ್ ಬದಲಾಯಿಸದೆ ಒಳಗೆ ಬಿಲ್ಡ್ ನಂಬರ್ ಏರಿಸುತ್ತಾ ಹೋಗೋ ನಮ್ಮ ಕಸುಬಿನ ಬುದ್ಧಿ ಅವರಿಗೆ ಆಗಲೇ ಇತ್ತು. ಈ ಚುಕ್ಕೆ ಎಣಿಸೋದು, ರಾಣಿಯ ಎದೆಯ ಮೇಲಿನ ಉಡುಪಿನ ಕಸೂತಿ ಪಟ್ಟಿಗಳನ್ನು ಎಣಿಸೋದು, ಇದರಲ್ಲೇ ಆಯಸ್ಸು ಕಳೆದ ಸಂಗ್ರಾಹಕರು ಇದ್ದಾರೆ.

ನಮ್ಮ ನೆಲದ್ದೇ ಇನ್ನೊಂದು ಇದೆ, ಟಿಪ್ಪುವಿನ ನಾಣ್ಯಗಳು. ಆತ 1786-87ರ ಸುಮಾರಿಗೆ ಮೌಲೂದಿ ಅನ್ನೋ ಹೊಸ ಶಕೆ ತಂದ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. 1215 ಅಂತಿರಬೇಕಾದ್ದು ಎಡದಿಂದ ಓದುವ ನಮಗೆ 5121 ಅಂತ ಕಾಣುತ್ತದೆ. ಇಸವಿ ತಿರುಗಾಮುರುಗಾ ಆಗಿದೆ, ಕೆತ್ತಿದವನು ನಿದ್ದೆಗಣ್ಣಲ್ಲಿದ್ದ ಅಂದುಕೊಂಡರೆ ನಾವೇ ಬೇಸ್ತು. ಬಗ್ ಅಲ್ಲ, ಫೀಚರ್. ಹಾಗೇ ಕೈಯಿಂದ ಸುತ್ತಿಗೆಯಲ್ಲಿ ಹೊಡೆದ ಹಳೇ ಕಾಸುಗಳಲ್ಲಿ ಬರಹ ಅರ್ಧಂಬರ್ಧ ಬಿದ್ದಿರೋದೂ ತಪ್ಪಲ್ಲ. ಅಚ್ಚೇ ಬಿಲ್ಲೆಗಿಂತ ದೊಡ್ಡದು, ಸಿಕ್ಕಷ್ಟು ಭಾಗ ಮೂಡುತ್ತಿತ್ತು. ಆ ಕಾಲದ ಕ್ವಾಲಿಟಿ ನಿಯಮವೇ ಅದು. ಯಾವ ಕಾಲದ ನಿಯಮ ಏನಿತ್ತು ಅಂತ ಗೊತ್ತಿಲ್ಲದೆ ತಪ್ಪು ಹುಡುಕೋಕೆ ಹೊರಟರೆ ಎಲ್ಲವೂ ತಪ್ಪಾಗೇ ಕಾಣುತ್ತದೆ.

ಇನ್ನು ಡಿಸೈನಿನಲ್ಲೇ ಎಡವಟ್ಟಾದ ಪ್ರಸಿದ್ಧ ಉದಾಹರಣೆ 1911ರ ರೂಪಾಯಿ. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟಾಣಿ ಆನೆ ಇದೆ. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನ ನೋಡಿ ‘ಇದೇನು ಹಂದಿ!’ ಅಂದರು. ಅಸಮಾಧಾನ ಹಬ್ಬಿ, ಹೊಡೆದಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಂದಿದ್ದವು, ಉಳಿದದ್ದನ್ನು ಕರಗಿಸಬೇಕಾಯಿತು. 1912ಕ್ಕೆ ಆನೆಗೆ ನೆಟ್ಟಗೆ ಕಾಣೋ ಸೊಂಡಿಲು ಬಂತು. ಸಂಗ್ರಾಹಕರು ಇವತ್ತಿಗೂ ಅದನ್ನು ಹಂದಿ ರೂಪಾಯಿ ಅಂತಲೇ ಕರೆಯೋದು.

ಎರಡನೇದು ಹೊಡೆತದ ಐಬು. ಇಲ್ಲಿ ಅಚ್ಚು ಸರಿಯಿದೆ, ಆ ಒಂದು ಏಟು ಮಾತ್ರ ತಪ್ಪಿದೆ. ಬಿಲ್ಲೆ ಸರಿಯಾಗಿ ಕೂರದೆ ಏಟು ಬಿದ್ದರೆ ಚಿತ್ರ ಒಂದು ಪಕ್ಕಕ್ಕೆ ಜಾರಿ, ಇನ್ನೊಂದು ಪಕ್ಕ ಬಿದಿಗೆ ಚಂದ್ರನ ಥರ ಖಾಲಿ ಉಳಿಯುತ್ತದೆ. ಒಂದು ಅಚ್ಚು ತನ್ನ ಜಾಗದಲ್ಲಿ ತಿರುಗಿಕೊಂಡಿದ್ದರೆ ಮುಂದಿನ ಮುಖ ನೆಟ್ಟಗಿದ್ದು ಹಿಂದಿನದು ವಾಲಿರುತ್ತದೆ. ಎಲ್ಲಕ್ಕಿಂತ ಸೊಗಸು ಅಂದ್ರೆ, ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಕೆಳಗೆ ಬೀಳದೇ ಹೋದಾಗ ಆಗೋದು. ಮುಂದಿನ ಬಿಲ್ಲೆ ಬಂದು, ಒಂದು ಕಡೆ ಅಚ್ಚಿನ ಏಟು, ಇನ್ನೊಂದು ಕಡೆ ಅಂಟಿಕೊಂಡ ನಾಣ್ಯದ ಏಟು ತಿಂದು, ಒಂದೇ ಚಿತ್ರ ಒಂದು ಮುಖದಲ್ಲಿ ಉಬ್ಬಾಗಿ, ಇನ್ನೊಂದರಲ್ಲಿ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ ಮೂಡುತ್ತದೆ. ನಮ್ಮ ದೇಶದ ಸಂಗ್ರಾಹಕರು ಇದಕ್ಕೆ ‘ಲಾಖಿ’ ಅಂತಾರೆ, ಲಕ್ಷಕ್ಕೊಂದು ಅನ್ನೋ ಅರ್ಥದಲ್ಲಿ. ನೂರು ವರ್ಷದ ಹಿಂದಿನ ಕಾಲಾಣೆಯಲ್ಲೂ ಲಾಖಿ ಸಿಗುತ್ತದೆ.

ಅಕ್ಷರ ಎರಡೆರಡು ಕಾಣೋದರ ಬಗ್ಗೆ ಚೂರು ತಾಳ್ಮೆಯಿಂದ ಕೇಳಿ, ಜನ ಮೋಸ ಹೋಗೋದು ಇಲ್ಲೇ. ಹಾಗೆ ಕಾಣೋದಕ್ಕೆ ಎರಡು ಬೇರೆ ಬೇರೆ ಕಾರಣ ಇವೆ. ಒಂದು, ಅಚ್ಚನ್ನು ತಯಾರಿಸುವಾಗಲೇ ಮೂಲ ಚಿತ್ರವನ್ನು ಅದಕ್ಕೆ ಎರಡು ಸಲ ಒತ್ತಿ, ಎರಡನೇ ಸಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರೋದು. ಆಗ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಒಂದೇ ಜಾಗದಲ್ಲಿ ಒಂದೇ ಥರ ಜೋಡಿ ಕಾಣುತ್ತದೆ. ಜೋಡಿ ಅಕ್ಷರಗಳೆರಡೂ ದುಂಡಗೆ, ಮೈತುಂಬಿಕೊಂಡು, ತುದಿಯಲ್ಲಿ ಸೀಳಿದಂತಿರುತ್ತವೆ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಜಗತ್ಪ್ರಸಿದ್ಧ. ಫಿಲಡೆಲ್ಫಿಯಾ ಟಂಕಸಾಲೆಯವರಿಗೆ ತಪ್ಪು ಗೊತ್ತಾಗುವ ಹೊತ್ತಿಗೆ ಅಂಥ ಸುಮಾರು 20 ಸಾವಿರ ನಾಣ್ಯ ಒಳ್ಳೆಯವುಗಳ ರಾಶಿಯಲ್ಲಿ ಬೆರೆತಿದ್ದವು. ಯಾರು ಆರಿಸ್ತಾ ಕೂರ್ತಾರೆ ಅಂತ ಹಾಗೇ ಬಿಟ್ಟರು. ‘ಗೊತ್ತಿರೋ ಬಗ್, ಆದ್ರೂ ರಿಲೀಸ್ ಮಾಡಿ’ ಅನ್ನೋ ಮಾತು ನಮ್ಮ ಆಫೀಸಿನಲ್ಲಿ ಹುಟ್ಟಿದ್ದಲ್ಲ ಅಂತ ಅವತ್ತು ಸಮಾಧಾನ ಆಯ್ತು.

ಇನ್ನೊಂದು ಕಾರಣ ಬಡಪಾಯಿಯದ್ದು. ಅಚ್ಚು ಸಡಿಲವಾಗಿದ್ದು, ಏಟು ಬಿದ್ದ ಮರುಕ್ಷಣ ಚೂರು ಅದುರಿ ಹೊಸ ಅಕ್ಷರದ ಪಕ್ಕೆಯನ್ನು ಸವರಿಕೊಂಡು ಹೋಗೋದು. ಆಗ ಅಕ್ಷರದ ಬುಡದಲ್ಲಿ ಚಪ್ಪಟೆಯಾಗಿ, ಹೊಳೆಯುತ್ತಾ, ಮೆಟ್ಟಿಲಿನ ಥರ ಒಂದು ಅಂಚು ನಿಲ್ಲುತ್ತದೆ. ಮೂಲ ಅಕ್ಷರ ಅಷ್ಟರಮಟ್ಟಿಗೆ ಸಣಕಲಾಗುತ್ತದೆ. ನೋಡೋಕೆ ಇದೂ ಡಬಲ್ಲೇ. ಆದರೆ ಇದು ಚಿಲ್ಲರೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಇದಕ್ಕೆ ಮುಖಬೆಲೆಗಿಂತ ಒಂದು ಪೈಸೆ ಜಾಸ್ತಿ ಯಾರೂ ಕೊಡೋದಿಲ್ಲ. ದುಂಡಗಿದ್ದರೆ ಅಚ್ಚಿನದು, ಮೆಟ್ಟಿಲಿನಂತಿದ್ದರೆ ಅದುರಿದ್ದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಮೂರನೇದು, ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆದದ್ದು. ಸರಾಫ ಬೆಳ್ಳಿ ಪರೀಕ್ಷೆಗೆ ಹಾಕಿದ ಸಣ್ಣ ಮೊಳೆ ಗುರುತು. ಸರಕ್ಕೆ ಪೋಣಿಸೋಕೆ ಕೊರೆದ ತೂತು. ದೀಪಾವಳಿಗೆ ದೀಪಾವಳಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ರಾಣಿಯ ಮುಖ ಬೋಳಾದದ್ದು. ಅರಸೀಕೆರೆ ಜಂಕ್ಷನ್ನಿನ ಆಚೆ ಹಳಿಯ ಮೇಲೆ ನಮ್ಮೂರ ಹುಡುಗರು ಇಟ್ಟು ರೈಲಿನಿಂದ ಚಪ್ಪಟೆ ಮಾಡಿಸಿದ ಹತ್ತು ಪೈಸೆ. ಇವಕ್ಕೆಲ್ಲ ನಾಣ್ಯಪೇಟೆಯಲ್ಲಿ ಒಂದೇ ಪದ: ಡ್ಯಾಮೇಜ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ವೈಸಿನಲ್ಲಿ ಬಿಗಿದು ಸುಳ್ಳು ಲಾಖಿ ಮಾಡೋರೂ ಇದ್ದಾರೆ. ಅಂಥದ್ದರಲ್ಲಿ ತಗ್ಗಾದ ಚಿತ್ರದ ಅಡಿಯಲ್ಲಿ ಹಳೆಯ ಚಿತ್ರ ಜಜ್ಜಿಹೋಗಿ ಇಣುಕುತ್ತಿರುತ್ತದೆ, ನಿಜವಾದ ಲಾಖಿಯಲ್ಲಿ ಹಾಗೆ ಇರೋದಿಲ್ಲ. ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ ‘ಶೋಲೆ’ಯಲ್ಲಿ ಅಮಿತಾಭ್ ಚಿಮ್ಮುತ್ತಿದ್ದ ಎರಡು ತಲೆಯ ನಾಣ್ಯ ನೆನಪಿದೆಯಲ್ಲ? ಮ್ಯಾಜಿಕ್ ಅಂಗಡಿಯಲ್ಲಿ ಅಂಥದ್ದು ಸಿಗುತ್ತದೆ. ಒಂದನ್ನು ಲೇತಿನಲ್ಲಿ ಕೊರೆದು ಇನ್ನೊಂದನ್ನು ಒಳಗೆ ಕೂರಿಸಿರುತ್ತಾರೆ. ಅಂಚಿನ ಒಳಗಡೆ ಕೂದಲೆಳೆಯಷ್ಟು ಗೆರೆ ಕಾಣುತ್ತದೆ, ಕಲ್ಲಿನ ಮೇಲೆ ಹಾಕಿದರೆ ನಾದ ಬರೋದಿಲ್ಲ.

ಇಷ್ಟೆಲ್ಲ ವಿದ್ಯೆ ನನಗೆ ವಾರಾಂತ್ಯದ ಹವ್ಯಾಸವಾಗಿತ್ತು. ಅದು ಹವ್ಯಾಸಕ್ಕಿಂತ ಜಾಸ್ತಿ ಅಂತ ಅನ್ನಿಸಿದ್ದು 2021ರ ದಸರಾ ಹೊತ್ತಿನಲ್ಲಿ. ಊರಿಂದ ಚಿಕ್ಕಪ್ಪನ ಫೋನ್ ಬಂತು. ಅವರ ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಿತ್ತು, ಫೀಸ್ ಕಟ್ಟೋಕೆ ಹದಿನೈದು ದಿನ ಟೈಮಿತ್ತು, ಅಟ್ಟದ ಮೇಲಿನ ಕಾಯಿ ಇನ್ನೂ ಕೊಬ್ಬರಿ ಆಗಿರಲಿಲ್ಲ. ಇದಿಷ್ಟು ನನಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಮುಂದಿತ್ತು. ‘ಒಂದು ರೂಪಾಯಿ ಕಾಯಿನ್ ಒಂದೈತೆ ಕಣ್ಲಾ, ಅಕ್ಸರ ಎಲ್ಡೆಲ್ಡು ಬಿದ್ದವೆ. ಫೋಟ ಕಳ್ಸಿದ್ದೆ. ಹನ್ನೆರಡು ಲಕ್ಸ ಕೊಡ್ತೀವಿ ಅಂದವ್ರೆ. ಜಿಎಸ್‌ಟಿ ಕಟ್ಬೇಕಂತೆ, ಹದಿನೆಂಟೂವರೆ ಸಾವ್ರ. ಅದ್ಯಾವ ಆ್ಯಪಲ್ಲಿ ಕಳ್ಸಾದು ಅಂತ ವಸಿ ಹೇಳು.’

ನೋಂದಣಿ ಅಂತ 1,850 ರೂಪಾಯಿ ಆಗಲೇ ಹೋಗಿತ್ತು. ಆ ಕಡೆಯವನು ರಿಸರ್ವ್ ಬ್ಯಾಂಕಿನ ಮುದ್ರೆ ಇರೋ ಗುರುತಿನ ಚೀಟಿಯ ಫೋಟೊ ಕೂಡ ಕಳಿಸಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ಸ್ವತಃ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿತ್ತು. ನಾವು ಹಳೇ ನೋಟು, ನಾಣ್ಯದ ವ್ಯವಹಾರ ಮಾಡೋದಿಲ್ಲ, ಅದಕ್ಕೆ ಶುಲ್ಕ ಕಮಿಷನ್ ಕೇಳೋದೂ ಇಲ್ಲ, ನಮ್ಮ ಹೆಸರಲ್ಲಿ ಕೇಳೋರನ್ನು ನಂಬಬೇಡಿ ಅಂತ. ಆದರೆ ಫೀಸಿನ ಚಿಂತೆಯಲ್ಲಿ ರಾತ್ರಿ ನಿದ್ದೆಗೆಟ್ಟು ಫೋನ್ ಉಜ್ಜುವ ಮನುಷ್ಯನಿಗೆ ಆ ಪ್ರಕಟಣೆ ಕಾಣೋದಿಲ್ಲ, ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಹತ್ತು ಲಕ್ಷ ಅನ್ನೋ ವಿಡಿಯೊ ಮಾತ್ರ ಕಾಣುತ್ತದೆ. ‘ನಾಳೆ ನಾನೇ ಬರ್ತೀನಿ, ಅಲ್ಲಿವರೆಗೆ ಏನೂ ಕಳಿಸಬೇಡಿ’ ಅಂದೆ. ಚಿಕ್ಕಮ್ಮನ ಓಲೆ ಅಡ ಇಡೋ ಮಾತು ಆಗಲೇ ಆಗಿತ್ತಂತೆ.

ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಜಗಲಿ ಮೇಲೆ ಚಾಪೆ ಹಾಸಿ ಡಬ್ಬಿ ಸುರಿದೆವು. ‘ಇದು ಮೋಸ’ ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಹನ್ನೆರಡು ಲಕ್ಷದ ಕನಸು ಒಂದು ಮಾತಿಗೆ ಬಿಟ್ಟುಹೋಗೋದಿಲ್ಲ. ಒಳಗೊಳಗೆ ‘ಇವನು ಅಡ್ಡಗಾಲು ಹಾಕಿದ’ ಅಂತ ಉಳಿದುಬಿಡುತ್ತದೆ. ಹಾಗಾಗಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಅವರ ಕೈಗೇ ಕೊಟ್ಟೆ. ಸಕ್ಕರೆ ಅಚ್ಚಿನ ಲೆಕ್ಕ ಹೇಳಿದೆ, ಅವರಿಗೆ ಥಟ್ಟನೆ ಹೊಳೆಯಿತು. ದುಂಡಗೋ ಮೆಟ್ಟಿಲೋ ನೋಡಿ ಅಂದೆ. ಬಹಳ ಹೊತ್ತು ನೋಡಿ ‘ಮೆಟ್ಲು’ ಅಂದರು. ಆಮೇಲೆ ಮೂಲೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಇನ್ನೂರು ರೂಪಾಯಿ ಚಿಲ್ಲರೆ ತಂದು ಇಬ್ಬರೂ ಹುಡುಕೋಕೆ ಕೂತೆವು. ಅರ್ಧ ಗಂಟೆಯೊಳಗೆ ಅಂಥದ್ದೇ ಮೆಟ್ಟಿಲಿನ ಅಕ್ಷರ ಇರುವ ಎರಡು ನಾಣ್ಯ ಸಿಕ್ಕವು. ಎರಡನ್ನೂ ಹುಡುಕಿದ್ದು ಚಿಕ್ಕಪ್ಪನೇ.

ಅವರು ಭೂತಗನ್ನಡಿ ಕೆಳಗಿಟ್ಟು, ‘ಅಂಗಾರೆ ಇಪ್ಪತ್ನಾಕು ಲಕ್ಸ ಅಂಗ್ಡಿ ಗಲ್ಲದಾಗೇ ಬಿದ್ದಿತ್ತು ಅನ್ನು’ ಅಂತ ನಕ್ಕರು. ಆ ನಗು ನೋಡೋಕೆ ಕಷ್ಟವಾಯ್ತು. ಚಿಕ್ಕಮ್ಮ ಬಾಗಿಲಲ್ಲಿ ನಿಂತವರು, ‘ಕೊಳ್ಳೋನು ದುಡ್ಡು ಕೊಡ್ಬೇಕೋ ಇಸ್ಕಬೇಕೋ?’ ಅಂತ ಒಂದೇ ಪ್ರಶ್ನೆ ಕೇಳಿದರು. ನನ್ನ ಅಷ್ಟು ಹೊತ್ತಿನ ಪಾಠಕ್ಕಿಂತ ಅದು ಗಟ್ಟಿ. ನಿಜವಾದ ವ್ಯಾಪಾರಿ ಮೊದಲು ನಾಣ್ಯ ಕೈಗೆ ಕೇಳ್ತಾನೆ, ತೂಕ ಕೇಳ್ತಾನೆ, ಚೌಕಾಸಿ ಮಾಡ್ತಾನೆ, ಆಮೇಲೆ ತನ್ನ ಜೇಬಿಗೆ ಕೈ ಹಾಕ್ತಾನೆ. ಫೋಟೊ ನೋಡಿ ಲಕ್ಷ ಹೇಳಿ ನಿಮ್ಮ ಜೇಬಿಗೆ ಕೈ ಹಾಕೋನು ವ್ಯಾಪಾರಿಯೇ ಅಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟೆವು. ಹೋದ 1,850 ವಾಪಸ್ ಬರಲಿಲ್ಲ, ಹದಿನೆಂಟೂವರೆ ಸಾವಿರ ಉಳಿಯಿತು. ಈಗಾದ್ರೆ ಇಂಥದ್ದಕ್ಕೆ ತಕ್ಷಣ 1930ಕ್ಕೆ ಫೋನ್ ಮಾಡಬಹುದು. ಫೀಸಿನ ದುಡ್ಡು ಸೊಸೈಟಿ ಸಾಲ ಒಂದಷ್ಟು, ಮಂಡಿಯವರ ಮುಂಗಡ ಒಂದಷ್ಟು, ಮನೆಯವರೆಲ್ಲ ಸೇರಿಸಿದ್ದು ಒಂದಷ್ಟು ಅಂತ ಹೊಂದಿತು. ಹೊಂದಿತು ಅಂತ ಬರೆಯೋಕೆ ಸುಲಭ, ಸೊಸೈಟಿ ಕಂತು ಈಗಲೂ ಕಟ್ಟುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಡಬ್ಬಿ ಇದ್ದರೆ ಈ ನಾಲ್ಕು ಮಾತು ನೆನಪಿರಲಿ. ನಾಣ್ಯವನ್ನು ತೊಳೀಬೇಡಿ, ಹುಣಸೆಹಣ್ಣಂತೂ ಬೇಡವೇ ಬೇಡ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಓರೆ ಬಿಸಿಲಲ್ಲಿ ತಿರುಗಿಸುತ್ತಾ ನೋಡಿ. ಬ್ರಿಟಿಷರ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ಇರಬೇಕು. ಸವೆದದ್ದು ಚೂರು ಕಮ್ಮಿ ಇದ್ದೀತು, ತೀರಾ ಕಮ್ಮಿ ಇದ್ದು ಅಂಚಿನಲ್ಲಿ ಬೆಸೆದ ಗೆರೆ ಕಂಡರೆ ಎರಕ ಹುಯ್ದ ನಕಲಿ ಅಂತ ಅನುಮಾನಿಸಿ. ಹುಲಿ ಚಿತ್ರದ 1947ರ ರೂಪಾಯಿ ಆಯಸ್ಕಾಂತಕ್ಕೆ ಅಂಟಿದರೆ ಗಾಬರಿಯಾಗಬೇಡಿ, ಅದು ನಿಕ್ಕೆಲ್. ಇನ್ನು ಈಗಿನ ನಾಣ್ಯಗಳಲ್ಲಿ ಇಸವಿ ಕೆಳಗಿನ ಚುಕ್ಕೆ ತಪ್ಪಲ್ಲ, ಅದು ನೋಯ್ಡಾ ಟಂಕಸಾಲೆಯ ಗುರುತು. ವಜ್ರದಾಕಾರ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಚಿಕ್ಕಪ್ಪನ ಡಬ್ಬಿಯಲ್ಲಿ ನಿಜವಾದ ಮಿಂಟ್ ಎರರ್ ಒಂದಿತ್ತು, ಅದನ್ನು ಹೇಳೋಕೆ ಮರೆಯಬಾರದು. ಪಕ್ಕಕ್ಕೆ ಜಾರಿ ಹೊಡೆದ 25 ಪೈಸೆ, ಒಂದು ಕಡೆ ಬಿದಿಗೆ ಚಂದ್ರ. ಮಾರಿದರೆ ತಂಗಿಯ ಒಂದು ತಿಂಗಳ ಬಸ್ ಪಾಸ್ ಆಗಬಹುದಿತ್ತು. ಅವಳೇ ಬೇಡ ಅಂತ ಪರ್ಸಿನಲ್ಲಿ ಇಟ್ಟುಕೊಂಡಳು.

ಇನ್ನೊಂದು ಇತ್ತು, 1862ರ ರಾಣಿ ರೂಪಾಯಿ. ಚುಕ್ಕೆ ಎಣಿಸೋಣ ಅಂತ ಆಸೆಯಿಂದ ನೋಡಿದೆ. ಅಜ್ಜಿಯ ಹುಣಸೆಹಣ್ಣು ಅಷ್ಟೂ ಚುಕ್ಕೆ ತಿಂದುಹಾಕಿತ್ತು, ಯಾವ ವರ್ಷದ ಅಚ್ಚು ಅಂತ ಇನ್ನು ಯಾರೂ ಹೇಳೋಕಾಗಲ್ಲ. ರಾಣಿಯ ಕಿರೀಟದ ಮೇಲೆ ಕೊಂಡಿ ಬೆಸೆದು ಕಿತ್ತ ಗುರುತು. ಪೇಟೆಗೆ ತಗೊಂಡು ಹೋದರೆ ಬೆಳ್ಳಿಯ ತೂಕಕ್ಕೆ ಹಾಕ್ತಾರೆ. ಚಿಕ್ಕಪ್ಪನಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ವರ್ಷ ತುಂಬೋದರೊಳಗೆ ಹೋಗಿದ್ದವಂತೆ. ಇವರು ಹುಟ್ಟಿದಾಗ ಅಜ್ಜಿ ಈ ರೂಪಾಯಿಗೆ ಕೊಂಡಿ ಹಾಕಿಸಿ ಕರಿ ದಾರದಲ್ಲಿ ಕೊರಳಿಗೆ ಕಟ್ಟಿದ್ದಳಂತೆ. ಐದು ವರ್ಷ ತುಂಬಿದ ಮೇಲೇ ಬಿಚ್ಚಿದ್ದು.

ನಾಣ್ಯ ಸಂಗ್ರಹಿಸೋರು ಪ್ರತಿಯೊಂದನ್ನೂ ಸಣ್ಣ ಕಾಗದದ ಲಕೋಟೆಯಲ್ಲಿಟ್ಟು ಮೇಲೆ ವಿವರ ಬರೀತಾರೆ. ನಾನೂ ಒಂದು ಲಕೋಟೆ ಮಾಡಿ ‘ವಿಕ್ಟೋರಿಯಾ, 1862, 11.2 ಗ್ರಾಂ, ಅಚ್ಚುಭೇದ ತಿಳಿಯದು, ಬೆಸುಗೆ ಗುರುತು’ ಅಂತ ಬರೆದೆ. ಚಿಕ್ಕಪ್ಪ ಓದಿಸಿಕೊಂಡರು. ‘ಅಮ್ಮ ಕಟ್ಟಿದ್ದು ಅಂತನೂ ಬರಿ’ ಅಂದರು. ಬರೆದೆ.